ಚೀಲ ತಿರುಗಿಸಿ

ನಮಸ್ಕಾರ ಕೇಳುಗರೇ.

ನಿಮ್ಮಲ್ಲಿ ಕೆಲವರು ಈಗಷ್ಟೇ ಬೆಕ್ಕು ಕಕ್ಕಿದ್ದನ್ನು ಒರೆಸಿ ಬಂದು ಕೂತಿರಬಹುದು. ಕೆಲವರಿಗೆ ಅದು ಅಂಗಾಲಿಗೆ ತಣ್ಣಗೆ ಅಂಟಿದ ಮೇಲೇ ಗೊತ್ತಾಗಿರಬಹುದು. ಇವತ್ತಿನ ಮಾತು ನಿಮಗೇ. ಹೊಟ್ಟೆ ಬೇಗ ಕೆಡುವ ಬೆಕ್ಕಿಗೆ ಎಂಥ ಡ್ರೈ ಫುಡ್, ಅಂದರೆ ಚೀಲದಲ್ಲಿ ಬರುವ ಒಣ ಕಾಳಿನಂಥ ಆಹಾರ, ತರಬೇಕು?

ನಾನು ಪಶುವೈದ್ಯ. ಈ ಪ್ರಶ್ನೆ ಕೇಳಿ ಕೇಳಿ ಕಿವಿ ಗಟ್ಟಿಯಾಗಿದೆ. "ಡಾಕ್ಟ್ರೇ, ಒಂದು ಒಳ್ಳೇ ಬ್ರ್ಯಾಂಡ್ ಹೇಳಿಬಿಡಿ" ಅಂತಾರೆ. ನಾನು ಹೇಳುವುದಿಲ್ಲ. ಹೇಳುವುದು ಎರಡೇ ಪದ. ಚೀಲ ತಿರುಗಿಸಿ.

ಚೀಲದ ಮುಂಭಾಗ ಇರುವುದು ನಿಮ್ಮ ಕಣ್ಣಿಗೆ. ಅಲ್ಲಿ ಮಿರಿಮಿರಿ ಮಿಂಚುವ ಬೆಕ್ಕಿನ ಚಿತ್ರ, ಕೆಂಪು ಮಾಂಸದ ತುಂಡು, ದಪ್ಪ ಅಕ್ಷರದಲ್ಲಿ 'ಪ್ರೀಮಿಯಂ'. ಆ ಪದವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಹಿಂಭಾಗದಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ. ಬೆಕ್ಕಿನ ಹೊಟ್ಟೆಗೆ ಹೋಗುವುದು ಅದು.

ಒಬ್ಬ ಹಿರಿಯರು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ನಿವೃತ್ತ ಲೆಕ್ಕದ ಮೇಷ್ಟ್ರು. ಒಂದು ಕೈಯಲ್ಲಿ ಬೆಕ್ಕಿನ ಬುಟ್ಟಿ, ಇನ್ನೊಂದರಲ್ಲಿ ದೊಡ್ಡ ಬ್ಯಾಗು. ಬೆಕ್ಕಿನ ಹೆಸರು ಗುಂಡ. ಹೆಸರಷ್ಟೇ ಗುಂಡ, ಬೆನ್ನು ಸವರಿದರೆ ಮೂಳೆಗಳನ್ನು ಎಣಿಸಬಹುದಿತ್ತು. ವಾರಕ್ಕೆ ಮೂರು ನಾಲ್ಕು ಸಲ ವಾಂತಿ, ನೀರು ನೀರಾದ ಭೇದಿ. ಮಲ ಪರೀಕ್ಷೆ ಮಾಡಿಸಿದೆವು, ಹುಳ ಇರಲಿಲ್ಲ. ರಕ್ತವೂ ಸರಿಯಿತ್ತು.

"ಏನು ಹಾಕ್ತಿದ್ದೀರಿ ಮೇಷ್ಟ್ರೇ?" ಅಂತ ಕೇಳಿದೆ. ಬ್ಯಾಗಿನಿಂದ ಒಂದೊಂದಾಗಿ ಐದು ಚೀಲ ತೆಗೆದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು, ಥೇಟ್ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿದ ಹಾಗೆ. ಒಂದರ ಮೇಲೆ 'ಸೂಕ್ಷ್ಮ ಹೊಟ್ಟೆಗೆ'. ಒಂದರ ಮೇಲೆ 'ಸಮುದ್ರದ ಮೀನು'. ಒಂದು ಕುರಿಮಾಂಸದ್ದು. ಒಂದು 'ಧಾನ್ಯವಿಲ್ಲದ್ದು'. ಕೊನೆಯದು ಹೇರ್‌ಬಾಲ್‌ಗೆ, ಅಂದರೆ ಹೊಟ್ಟೆಯಲ್ಲಿ ಸೇರುವ ಕೂದಲ ಉಂಡೆಗೆ. "ಎಲ್ಲಾ ಬದಲಾಯಿಸಿ ನೋಡಿದೆ ಡಾಕ್ಟ್ರೇ, ಮೂರು ತಿಂಗಳಲ್ಲಿ ಐದು. ಯಾವುದೂ ಒಗ್ಗಲಿಲ್ಲ" ಅಂದರು.

ನಾನು ಐದನ್ನೂ ತಿರುಗಿಸಿ ಇಟ್ಟೆ. "ಮೊದಲ ಪದ ಓದಿ" ಅಂದೆ. ಅವರು ಕನ್ನಡಕ ಮರೆತು ಬಂದಿದ್ದರು. ನನ್ನದನ್ನೇ ಕೊಟ್ಟೆ. ಮೊದಲ ಚೀಲ: ಕೋಳಿಮಾಂಸದ ಪುಡಿ. ಎರಡನೆಯದು, ಅದೇ ಮೀನಿನ ಚೀಲ: ಕೋಳಿಮಾಂಸದ ಪುಡಿ. ಮೀನು ಐದನೇ ಜಾಗದಲ್ಲಿತ್ತು. ಮೂರನೆಯದರಲ್ಲಿ ಕುರಿ ಮೊದಲಿಗಿತ್ತು, ಅದರ ಬೆನ್ನಿಗೇ ಕೋಳಿ. ನಾಲ್ಕು, ಐದು, ಮತ್ತೆ ಕೋಳಿ. ಮೇಷ್ಟ್ರು ಕನ್ನಡಕ ತೆಗೆದು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೇಳಿದರು: "ಅಂದ್ರೆ ನಾನು ಬದಲಾಯಿಸಿದ್ದು ಬರೀ ಚೀಲ."

ಬೆಕ್ಕುಗಳಲ್ಲಿ ಆಹಾರದ ಅಲರ್ಜಿ ಬಂದರೆ ಹೆಚ್ಚಾಗಿ ಕಾಣುವುದು ಮೂರಕ್ಕೆ: ದನದ ಮಾಂಸ, ಮೀನು, ಕೋಳಿ. ಗುಂಡನಿಗೆ ಕೋಳಿ ಆಗುತ್ತಿಲ್ಲ ಎಂಬ ಅನುಮಾನ ಬಂತು. ಅವನು ಅದುವರೆಗೆ ತಿನ್ನದ ಒಂದೇ ಒಂದು ಮಾಂಸ ಇರುವ ಆಹಾರ ಹುಡುಕಿದೆವು. ಮೊಲದ ಮಾಂಸದ್ದು ಸಿಕ್ಕಿತು. ಮೂರು ವಾರದಲ್ಲಿ ವಾಂತಿ ನಿಂತಿತು, ಮಲ ಗಟ್ಟಿಯಾಯಿತು. ಮೇಷ್ಟ್ರು ಖುಷಿಯಾಗಿ ಫೋನ್ ಮಾಡಿದರು.

ಮುಂದಿನ ವಾರ ಮತ್ತೆ ಫೋನ್. ಭಾನುವಾರ ಮತ್ತೆ ವಾಂತಿ. ನನಗೂ ತಲೆ ಕೆರೆದುಕೊಳ್ಳುವ ಹಾಗಾಯಿತು. ಅದೇ ಚೀಲ, ಅದೇ ಬಟ್ಟಲು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು: "ಡಾಕ್ಟ್ರೇ, ಕಳ್ಳ ಸಿಕ್ಕಿದ." ರಜೆಗೆ ಬಂದ ಮೊಮ್ಮಗ ಬೆಕ್ಕನ್ನು ಒಲಿಸಿಕೊಳ್ಳಲು ಜೇಬಿನಲ್ಲಿ ತಿಂಡಿ ಇಟ್ಟುಕೊಂಡು ಓಡಾಡುತ್ತಿದ್ದನಂತೆ. "ಪೊಟ್ಟಣ ತಿರುಗಿಸಿದೆ. ಕೋಳಿ" ಅಂದರು. ನೋಡಿ, ನಾನು ಹೇಳದೆಯೇ ತಿರುಗಿಸಿದ್ದರು. ಆ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅಯ್ಯೋ, ಅರ್ಧ ಸಮಯ ಗುಂಡನೇ ತಿಂದ. ಬೇಗ ಬೇಗ ಹೇಳುತ್ತೇನೆ.

ತಿರುಗಿಸಿದ ಮೇಲೆ ಏನು ನೋಡಬೇಕು? ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದು ಮೊದಲು ಬರುತ್ತದೆ. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ, ಹಾಗಾಗಿ ಮೊದಲಿಗೆ ಮಾಂಸ ಇರಲಿ, ಅದಕ್ಕೊಂದು ಹೆಸರೂ ಇರಲಿ. ಸುಮ್ನೆ 'ಪ್ರಾಣಿಜನ್ಯ ಪದಾರ್ಥ' ಅಂತ ಬರೆದಿದ್ದರೆ ಹೊಟ್ಟೆ ಕೆಡುವ ಬೆಕ್ಕಿಗೆ ಅದು ಬೇಡ. ಯಾವ ಪ್ರಾಣಿ ಅಂತ ಗೊತ್ತಿಲ್ಲದ ಮೇಲೆ ಯಾವುದು ಆಗುತ್ತಿಲ್ಲ ಅಂತ ಹೇಗೆ ಪತ್ತೆ ಮಾಡುತ್ತೀರಿ, ಅಲ್ವಾ?

ಇಲ್ಲೊಂದು ಕಣ್ಕಟ್ಟು ಇದೆ. 'ತಾಜಾ ಮಾಂಸ' ಮೊದಲಿಗಿದೆ ಅಂತ ಹಿಗ್ಗಬೇಡಿ. 100 ಗ್ರಾಂ ಹಸಿ ಮಾಂಸದಲ್ಲಿ 70 ಗ್ರಾಂನಷ್ಟು ನೀರೇ ಇರುತ್ತದೆ. ತೂಗುವುದು ನೀರಿನ ಸಮೇತ. ಒಣಗಿಸಿದ ಮೇಲೆ ಕಾಳಿನಲ್ಲಿ ಉಳಿಯುವ ನೀರು ನೂರಕ್ಕೆ ಹತ್ತರಷ್ಟು. ಆಗ ಆ ಮಾಂಸ ಎಷ್ಟಕ್ಕಿಳಿಯಿತು ಅಂತ ಮೇಷ್ಟ್ರನ್ನು ಕೇಳಬೇಕಿಲ್ಲ. ಇನ್ನೊಂದು ಚಮತ್ಕಾರ: ಮೆಕ್ಕೆಜೋಳ, ಮೆಕ್ಕೆಜೋಳದ ಹಿಟ್ಟು, ಮೆಕ್ಕೆಜೋಳದ ಗ್ಲುಟೆನ್ ಅಂತ ಮೂರು ಕಡೆ ಹಂಚಿ ಬರೆಯುವುದು. ಮೂರನ್ನೂ ಕೂಡಿಸಿದರೆ ಮಾಂಸಕ್ಕಿಂತ ಜೋಳವೇ ಜಾಸ್ತಿ ಆದರೂ ಆಯಿತೇ.

'ಧಾನ್ಯವಿಲ್ಲದ್ದು' ಎಂಬ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಪಿಷ್ಟ ಇಲ್ಲದೆ ಆ ಕಾಳು ಗಟ್ಟಿಯಾಗಿ ನಿಲ್ಲುವುದು ಕಷ್ಟ. ಅಕ್ಕಿ ತೆಗೆದು ಬಟಾಣಿ, ಆಲೂಗಡ್ಡೆ ಹಾಕಿರುತ್ತಾರೆ, ಅಷ್ಟೇ. ಚೆನ್ನಾಗಿ ಬೆಂದ ಅಕ್ಕಿ ಎಷ್ಟೋ ಬೆಕ್ಕುಗಳಿಗೆ ಸಲೀಸಾಗಿ ಅರಗುತ್ತದೆ.

'ಸಂಪೂರ್ಣ ಆಹಾರ' ಎಂಬ ಪದವನ್ನೂ ಹುಡುಕಿ. 'ಪೂರಕ' ಅಂತಿದ್ದರೆ ಅದು ತಿಂಡಿ, ಊಟವಲ್ಲ. ಟಾರಿನ್ ಎಂಬ ಹೆಸರು ಇದೆಯಾ ನೋಡಿ, ಬೆಕ್ಕಿಗೆ ಬೇಕೇ ಬೇಕಾದ ಪೋಷಕಾಂಶ ಅದು. ಅದು ಕಡಿಮೆಯಾದರೆ ಬೆಕ್ಕಿನ ಕಣ್ಣು ಹಾಳಾಗುತ್ತದೆ. ಹೃದಯದ ಸ್ನಾಯುವೂ ಸೋಲುತ್ತದೆ ಅಂತ 1987ರಲ್ಲಿ ಗೊತ್ತಾಯಿತು. ನಾಯಿಯ ಆಹಾರವನ್ನು ಬೆಕ್ಕಿಗೆ ಹಾಕಬೇಡಿ ಅನ್ನುವುದು ಇದಕ್ಕೇ.

ಹೊಸ ಚೀಲ ತಂದ ದಿನವೇ ಬಟ್ಟಲು ತುಂಬಬೇಡಿ. ಹಳೆಯದರಲ್ಲಿ ಕಾಲು ಭಾಗ ಹೊಸದು ಬೆರೆಸಿ ಎರಡು ಮೂರು ದಿನ ಹಾಕಿ. ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಒಟ್ಟು 7ರಿಂದ 10 ದಿನ ಹಿಡಿಯಲಿ. ಪೂರ್ತಿ ಬದಲಾದ ಮೇಲೆ ಮೂರು ನಾಲ್ಕು ವಾರ ಮತ್ತೇನನ್ನೂ ಮುಟ್ಟಬೇಡಿ. ಮೂರನೇ ದಿನಕ್ಕೇ "ಒಗ್ಗಲಿಲ್ಲ" ಅಂತ ಬರುವವರ ಜೊತೆ ನಾನು ಮಾತಾಡುವುದು ಸ್ವಲ್ಪ ಗಟ್ಟಿಯಾಗಿಯೇ.

ಪ್ರಮಾಣದ ಬಗ್ಗೆ ಒಂದೇ ಮಾತು. 4 ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 50ರಿಂದ 60 ಗ್ರಾಂ ಡ್ರೈ ಫುಡ್ ಸಾಕು, ಅದನ್ನು ಮೂರು ನಾಲ್ಕು ಸಲ ಹಂಚಿ ಹಾಕಿ. ಕಾಳು ಹಾಗ್ಹಾಗೇ ಇಡಿಯಾಗಿ ಹೊರಗೆ ಬಂದಿದ್ದರೆ ಅದು ಗಬಗಬ ತಿಂದದ್ದರ ಫಲವೂ ಇರಬಹುದು. ಅಗಲದ ತಟ್ಟೆಯಲ್ಲಿ ಹರಡಿ ಹಾಕಿ ನೋಡಿ. ಪಕ್ಕದಲ್ಲಿ ನೀರು ಸದಾ ಇರಲಿ. ಹಾಲು ಬೇಡ. ಬೆಳೆದ ಬೆಕ್ಕುಗಳಿಗೆ ಸಾಮಾನ್ಯವಾಗಿ ಅದು ಅರಗುವುದಿಲ್ಲ.

ವಾಂತಿಯಲ್ಲಿ, ಮಲದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ, ಒಂದು ಇಡೀ ದಿನ ಏನೂ ತಿನ್ನದಿದ್ದರೆ ಚೀಲ ಬದಲಾಯಿಸುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಓಡಿ. ಅದರಲ್ಲೂ ದಪ್ಪ ಬೆಕ್ಕು ಊಟ ಬಿಟ್ಟರೆ ಕೆಲವೇ ದಿನಗಳಲ್ಲಿ ಯಕೃತ್ತಿಗೆ ಕೊಬ್ಬು ತುಂಬಿಕೊಂಡು ಜೀವಕ್ಕೇ ಕುತ್ತು ಬರುತ್ತದೆ.

ಗಾಜಿನ ಆಚೆಯಿಂದ ಸಮಯವಾಯಿತು ಅಂತ ಕೈ ತೋರಿಸುತ್ತಿದ್ದಾರೆ. ಒಂದೇ ನಿಮಿಷ ಸ್ವಾಮಿ. ಹೀಗೆ ಡಾಕ್ಟರ ಹತ್ತಿರ ಹೋಗುವಾಗ "ನೀಲಿ ಚೀಲದ್ದು, ಮೇಲೆ ಬೆಕ್ಕಿನ ಚಿತ್ರ ಇದೆ" ಅಂತ ಹೇಳಬೇಡಿ. ಎಲ್ಲಾ ಚೀಲದ ಮೇಲೂ ಬೆಕ್ಕಿನ ಚಿತ್ರ ಇದೆ. ಹಿಂಭಾಗದ ಪಟ್ಟಿಯ ಫೋಟೋ ತೆಗೆದುಕೊಂಡು ಹೋಗಿ. ತಿಂಡಿ ಪೊಟ್ಟಣದ್ದೂ.

ನಮಸ್ಕಾರ.