ಜಿವ್ರಿಯಿಂದ ಕ್ಲೂನಿಗೆ, ಸೈಕಲ್ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಜಿವ್ರಿ ಅಂತ ಒಂದು ಪುಟ್ಟ ಊರಿದೆ. ಅಲ್ಲಿ ಹಳೇ ರೈಲ್ವೆ ಸ್ಟೇಷನ್ ಇದೆ, ಹಳಿ ಮಾತ್ರ ಇಲ್ಲ. ಹಳಿ ಇದ್ದ ಜಾಗದಲ್ಲಿ ಈಗ ನುಣ್ಣನೆಯ ಡಾಂಬರು ದಾರಿ. ಅದರ ಮೇಲೆ ಕಾರು ಬರುವ ಹಾಗಿಲ್ಲ, ಬೈಕು ಬರುವ ಹಾಗಿಲ್ಲ. ಸೈಕಲ್ಲಿನವರು, ನಡೆಯುವವರು, ಗಾಲಿಕುರ್ಚಿಯವರು, ಸ್ಕೇಟಿಂಗ್ ಚಕ್ರ ಕಟ್ಟಿಕೊಂಡ ಮಕ್ಕಳು, ಇಷ್ಟೇ ಜನ. ಒಂದು ಸೆಪ್ಟೆಂಬರ್ ಬೆಳಗ್ಗೆ ಬಾಡಿಗೆ ಸೈಕಲ್ಲಿನ ಎರಡೂ ಕಡೆ ಚೀಲ ಕಟ್ಟಿ ನಾನು ಅಲ್ಲಿಂದಲೇ ಹೊರಟೆ.

ಅಲ್ಲಿಂದ ಕ್ಲೂನಿಗೆ 44 ಕಿಲೋಮೀಟರ್. ರೈಲು ನಿಂತುಹೋಗಿದ್ದ ಈ ಮಾರ್ಗವನ್ನು 1997ರಲ್ಲಿ ಸೈಕಲ್ ದಾರಿ ಮಾಡಿದರು. ಫ್ರಾನ್ಸಿನಲ್ಲಿ 'ವ್ವಾ ವೆರ್ತ್', ಅಂದರೆ ಹಸಿರು ದಾರಿ ಅಂತ ಕರೆಯುವ ಇಂಥ ದಾರಿಗಳಲ್ಲಿ ಇದೇ ಮೊದಲನೆಯದು. ತುಳಿಯಬಲ್ಲವರು ಮೂರು ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ನಾನು ಮೂರು ದಿನ ತಗೊಂಡೆ. ಆ ಮೂರು ದಿನ ಎಲ್ಲೆಲ್ಲಿ ಸೈಕಲ್ ಇಳಿದೆ ಅನ್ನೋದನ್ನೇ ಇವತ್ತು ನಿಮಗೆ ಹೇಳಬೇಕು.

ರೈಲು ಓಡಿದ ದಾರಿಗೆ ಒಂದು ಗುಣ ಇರುತ್ತದೆ. ಉಗಿ ಎಂಜಿನ್ನಿಗೆ ಕಡಿದಾದ ಏರು ಆಗುತ್ತಿರಲಿಲ್ಲ. ಹಾಗಾಗಿ ಹಳಿ ಹಾಕಿದವರು ಗುಡ್ಡವನ್ನು ಬಳಸಿಕೊಂಡು, ನದಿಯ ಪಕ್ಕ ಹಿಡಿದು ಹೋಗಿದ್ದಾರೆ. ಮೊದಲು ದ್ರಾಕ್ಷಿ ತೋಟಗಳ ಅಂಚು, ಆಮೇಲೆ ಗ್ರೋನ್ ಅನ್ನೋ ಸಣ್ಣ ನದಿಯ ಬಯಲು. ಕಾಲಿಗೆ ಭಾರವೇ ಗೊತ್ತಾಗುವುದಿಲ್ಲ. ಎರಡೂ ಕಡೆ ಮಾತ್ರ ದಿಣ್ಣೆ ಮೇಲೆ ದಿಣ್ಣೆ. ದಿಣ್ಣೆಯ ನೆತ್ತಿಯಲ್ಲಿ ಕಾಡು, ಇಳಿಜಾರಿನಲ್ಲಿ ದ್ರಾಕ್ಷಿ ಸಾಲು, ತಗ್ಗಿನ ಹುಲ್ಲುಗಾವಲಿನಲ್ಲಿ ಬೆಳ್ಳಗೆ ಮಲಗಿರುವ ಶಾರೊಲೇ ದನಗಳು. ಹಳ್ಳಿಗಳಿರುವುದು ಆ ದಿಣ್ಣೆಗಳ ಮೇಲೆ, ಮಡಿಲಲ್ಲಿ. ಅವನ್ನು ನೋಡಬೇಕಾದರೆ ಸಲೀಸಾದ ದಾರಿ ಬಿಟ್ಟು ಏರಲೇಬೇಕು.

ದ್ರಾಕ್ಷಿ ಕೊಯ್ಲಿನ ಕಾಲ ಅದು. ಬುಸ್ಸಿ ಅನ್ನೋ ಊರು ದಾಟುವಾಗ ಗಾಳಿಯಲ್ಲೇ ಹುಳಿ-ಸಿಹಿ ವಾಸನೆ. ಟ್ರ್ಯಾಕ್ಟರುಗಳ ಹಿಂದೆ ದ್ರಾಕ್ಷಿ ತುಂಬಿದ ತೊಟ್ಟಿ, ತೊಟ್ಟಿಯ ಸುತ್ತ ಕಣಜಗಳ ಗುಂಪು. ಕಾರಿನಲ್ಲಿ ಗಾಜು ಏರಿಸಿಕೊಂಡು ಹೋಗುವವರಿಗೆ ಈ ವಾಸನೆ ಸಿಗುವುದಿಲ್ಲ ಅಲ್ವಾ?

ನಾನು ಸೈಕಲ್ ಕಲಿತಿದ್ದು ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ, ಒಳಪೆಡ್ಲು ಹೊಡೆದು. ನಿಮ್ಮಲ್ಲೂ ಎಷ್ಟೋ ಜನ ಹಾಗೇ ಕಲಿತಿರುತ್ತೀರಿ. ಗಂಟೆ ಮುಗಿಯುವುದರೊಳಗೆ ಎಷ್ಟು ದೂರ ಆಗುತ್ತೋ ಅಷ್ಟೂ ಹೋಗಿಬರಬೇಕು ಅನ್ನೋ ಆತುರ ಆಗ. ಸೈಕಲ್ ಅಂದರೆ ನಿಲ್ಲಲೂಬಹುದು ಅಂತ ನನಗೆ ಮನಸ್ಸಿಗೆ ಬಂದಿದ್ದು ಬಹಳ ತಡವಾಗಿ, ಈ ದಾರಿಯಲ್ಲಿ.

ಫ್ರಾನ್ಸಿನಲ್ಲಿ ಸೈಕಲ್ ಪ್ರವಾಸದ ಮಾತು ಬಂದರೆ ಒಬ್ಬ ಹಿರಿಯರನ್ನು ನೆನೆಯದೆ ಮುಂದೆ ಹೋಗುವ ಹಾಗಿಲ್ಲ. ಪೋಲ್ ದ ವಿವೀ ಅಂತ ಅವರ ಹೆಸರು. 1853ರಲ್ಲಿ ಹುಟ್ಟಿದವರು. ಸ್ಯಾಂತ್ ಎತಿಯೆನ್ ನಗರದಲ್ಲಿ ಸೈಕಲ್ ವ್ಯಾಪಾರ ಮಾಡುತ್ತಾ, ಸೈಕಲ್ಲಿಗೆಂದೇ ಪತ್ರಿಕೆ ನಡೆಸಿದರು. ಜನ ಅವರನ್ನು ಪ್ರೀತಿಯಿಂದ ವೆಲೋಸಿಯೋ ಅಂತ ಕರೆದರು. ಒಂದೇ ಗೇರಿನ ಸೈಕಲ್ಲಿನಲ್ಲಿ ಬೆಟ್ಟ ಹತ್ತಿ ಜನ ಸಾಯುವಷ್ಟು ಸುಸ್ತಾಗುತ್ತಿದ್ದ ಕಾಲದಲ್ಲಿ, ಗೇರು ಬದಲಾಯಿಸುವ ಸೈಕಲ್ ಬೇಕು ಅಂತ ವರ್ಷಗಟ್ಟಲೆ ವಾದ ಮಾಡಿದವರು ಇವರು. ಗೇರು ಬಳಸುವುದು ದುರ್ಬಲರ ಕೆಲಸ ಅಂತ ಪಂದ್ಯದವರು ಮೂಗು ಮುರಿಯುತ್ತಿದ್ದರು. ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಗೇರು ಬದಲಿಸುವ ಸಾಧನಕ್ಕೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಷ್ಟೊತ್ತಿಗೆ ವೆಲೋಸಿಯೋ ತೀರಿಕೊಂಡು ಏಳು ವರ್ಷ ಆಗಿತ್ತು. ಇವತ್ತು ಯಾವುದೇ ಏರಿನಲ್ಲಿ ಎಡಗೈ ಬೆರಳಿನಿಂದ ಗೇರು ಇಳಿಸಿ ಉಸಿರು ಬಿಡುವ ಪ್ರತಿಯೊಬ್ಬರೂ ಅವರಿಗೆ ಸಾಲಗಾರರು.

ಸೈಕಲ್ ಪ್ರವಾಸಿಗೆ ಅವರು ಏಳು ನಿಯಮ ಬರೆದಿಟ್ಟಿದ್ದಾರೆ. ಹಸಿವಾಗುವ ಮುಂಚೆ ತಿನ್ನು, ಬಾಯಾರುವ ಮುಂಚೆ ಕುಡಿ. ಚಳಿ ಹಿಡಿಯುವ ಮುಂಚೆ ಹೊದೆದುಕೋ. ಊಟ ಸೇರದಷ್ಟು, ನಿದ್ದೆ ಬಾರದಷ್ಟು ದಣಿಯಬೇಡ. ಜಂಭಕ್ಕಾಗಿ ಎಂದೂ ಪೆಡಲ್ ತುಳಿಯಬೇಡ. ಸವಾರಿಯಲ್ಲಿ ಮದ್ಯ, ಮಾಂಸ, ತಂಬಾಕು ಬೇಡ ಅಂತಲೂ ಇದೆ. ಅವರು ಸಸ್ಯಾಹಾರಿ. ನೂರು ವರ್ಷದ ಹಿಂದಿನ ಫ್ರಾನ್ಸಿನಲ್ಲಿ ಅದು ಸಣ್ಣ ಮಾತಲ್ಲ. ಒಂದು ನಿಯಮ ಮಾತ್ರ ನನಗೆ ಒಪ್ಪಿಗೆ ಇಲ್ಲ. ಓಟದ ಲಯ ತಪ್ಪಬಾರದು, ಹಾಗಾಗಿ ಕಡಿಮೆ ನಿಲ್ಲು, ಚೂರೇ ಹೊತ್ತು ನಿಲ್ಲು ಅನ್ನುತ್ತಾರೆ ಅವರು. ರಾತ್ರಿ ಹಗಲು ನೂರಾರು ಕಿಲೋಮೀಟರ್ ತುಳಿದವರಿಗೆ ಅದು ಸರಿ ಇರಬಹುದು. ದಿನಕ್ಕೆ ಹದಿನೈದು-ಇಪ್ಪತ್ತು ಕಿಲೋಮೀಟರ್ ಹೋಗುವವನಿಗೆ ನಿಲ್ಲುವುದೇ ಪ್ರವಾಸ.

ಹಸಿವಿನ ನಿಯಮ ಎಷ್ಟು ನಿಜ ಅಂತ ಎರಡನೇ ದಿನ ಗೊತ್ತಾಯಿತು. ಅವತ್ತು ಸೋಮವಾರ. ಫ್ರೆಂಚ್ ಹಳ್ಳಿಗಳಲ್ಲಿ ಸೋಮವಾರ ಬೇಕರಿ ಬಾಗಿಲು ಹಾಕಿರುವುದು ಜಾಸ್ತಿ. ತೆರೆದಿದ್ದರೂ ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚುತ್ತಾರೆ. ಮುಂದಿನ ಊರಲ್ಲಿ ಸಿಗುತ್ತೆ ಅಂತ ನಂಬಿ ಹೊರಟೆ. ಮುಂದಿನ ಊರಲ್ಲೂ ಇಲ್ಲ, ಅದರ ಮುಂದಿನ ಊರಲ್ಲೂ ಇಲ್ಲ. ಬೇಲಿಯಲ್ಲಿ ಕಪ್ಪಗೆ ಹಣ್ಣಾಗಿದ್ದ ಬ್ಲ್ಯಾಕ್‌ಬೆರಿ ಕಿತ್ತು ತಿಂದೆ, ಬೆರಳೆಲ್ಲಾ ನೇರಳೆ ಬಣ್ಣ. ಬಾಟಲಿಯಲ್ಲಿ ನೀರೂ ಮುಗಿದಿತ್ತು. ಒಂದು ಚರ್ಚಿನ ಪಕ್ಕ ಸುಮ್ನೆ ನಿಂತಿದ್ದಾಗ, ಹೂವು ಹಿಡಿದು ಬಂದ ಅಜ್ಜಿಯೊಬ್ಬರು ನನ್ನ ಖಾಲಿ ಬಾಟಲಿ ನೋಡಿ, 'ಬೋಂಜೂರ್' ಅಂದು, ಸ್ಮಶಾನದ ಗೇಟಿನ ಕಡೆ ಕೈ ತೋರಿಸಿದರು.

ನಮಗೆ ವಿಚಿತ್ರ ಅನ್ನಿಸಬಹುದು. ಆದರೆ ಅಲ್ಲಿನ ಸೈಕಲ್ ಸವಾರರಿಗೆಲ್ಲ ಗೊತ್ತಿರುವ ಸಂಗತಿ ಇದು: ಹಳ್ಳಿಯಲ್ಲಿ ನೀರು ಬೇಕಾದರೆ ಸ್ಮಶಾನಕ್ಕೆ ಹೋಗಿ. ಸಮಾಧಿಯ ಮೇಲಿನ ಹೂಕುಂಡಗಳಿಗೆ ನೀರು ಹಾಕಲು ಗೇಟಿನ ಹತ್ತಿರವೇ ಒಂದು ನಲ್ಲಿ ಇರುತ್ತದೆ. ಕುಡಿಯಲು ಯೋಗ್ಯವಲ್ಲ ಅನ್ನುವ ಫಲಕ ಇದೆಯೇ ಅಂತ ನೋಡಿಕೊಂಡರೆ ಸಾಕು. ಗೋಡೆಯ ಕೊಕ್ಕೆಗಳಿಗೆ ನೀರಿನ ಕ್ಯಾನುಗಳನ್ನು ಸಾಲಾಗಿ ತೂಗುಹಾಕಿದ್ದರು. ಅಜ್ಜಿ ಒಂದನ್ನು ತೆಗೆದುಕೊಂಡರು. ನಾನು ಬಾಟಲಿ ತುಂಬಿಸಿಕೊಂಡು ಅವರ ಕ್ಯಾನನ್ನು ಸಮಾಧಿಯ ತನಕ ಹೊತ್ತುಕೊಟ್ಟೆ. ಹೊರಡುವಾಗ ಚೀಲದಿಂದ ಎರಡು ಸೇಬು ತೆಗೆದು ನನ್ನ ಕೈಗಿಟ್ಟರು. ನನ್ನ ಫ್ರೆಂಚ್ ಅಷ್ಟಕ್ಕಷ್ಟೇ. 'ಮೆರ್ಸಿ' ಅಂತ ಎರಡು ಸಲ ಹೇಳಿದೆ.

ಅದೇ ಊರಿನ ಚೌಕದಲ್ಲಿ ಯುದ್ಧದ ಕಲ್ಲು ಇತ್ತು. ಫ್ರಾನ್ಸಿನಲ್ಲಿ ಇಂಥ ಕಲ್ಲು ಇಲ್ಲದ ಊರು ಸಿಗುವುದು ಬಹಳ ಅಪರೂಪ. 1914ರಿಂದ 1918ರ ಯುದ್ಧದಲ್ಲಿ ಸತ್ತ ಊರಿನ ಗಂಡಸರ ಹೆಸರು ಕೆತ್ತಿರುತ್ತಾರೆ. ಇಡೀ ದೇಶದಲ್ಲಿ ಸುಮಾರು 14 ಲಕ್ಷ ಸೈನಿಕರು ಸತ್ತರು. ಆದರೆ ಸೇಬು ತಿನ್ನುತ್ತಾ ನಿಂತಾಗ ನನಗೆ ಕಂಡಿದ್ದು ಒಂದೇ ಮನೆತನದ ಹೆಸರು ಮೂರು ಸಲ ಇದ್ದಿದ್ದು. ಸುತ್ತ ನೋಡಿದರೆ ಇಡೀ ಊರಿಗೆ ಮೂವತ್ತು-ನಲವತ್ತು ಮನೆ. ಆಮೇಲೆ ಪ್ರತಿ ಊರಲ್ಲೂ ಇಳಿದು ಆ ಕಲ್ಲು ಓದುವುದು ಅಭ್ಯಾಸ ಆಯಿತು.

ಸ್ಯಾನ್ ಜಾಂಗೂ ಅನ್ನೋ ಊರಿನ ಹೆಸರಿನ ಕೊನೆಗೆ ಮೊದಲು 'ರಾಯಲ್' ಅಂತ ಇತ್ತು. ಈಗ 'ನ್ಯಾಷನಲ್'. ರಾಜರು ಹೋದರು, ಹೆಸರೂ ಬದಲಾಯಿತು. ಅಲ್ಲಿನ ಓಣಿಗಳಲ್ಲಿ ಸೈಕಲ್ ತಳ್ಳಿಕೊಂಡೇ ನಡೆಯಬೇಕು. ಈ ಸೀಮೆಯ ಹಳೇ ಮನೆಗಳಿಗೆ ಮುಂದೆ ಕಂಬಗಳ ಮೇಲೆ ಮಾಡು ಇಳಿಸಿದ ಮೊಗಸಾಲೆ ಇರುತ್ತದೆ, ಕಲ್ಲಿನ ಮೆಟ್ಟಿಲು ಹತ್ತಿ ಅಲ್ಲಿಗೆ ಹೋಗಬೇಕು. ಒಂದು ಮನೆಯ ಮೊಗಸಾಲೆಯಲ್ಲಿ ಈರುಳ್ಳಿ ಜಡೆ ನೇತುಹಾಕಿದ್ದರು. ನಮ್ಮ ಜಗುಲಿ ನೆನಪಾಯಿತು.

ಮಂಗಳವಾರ ಬೆಳಗ್ಗೆ ಬೇಕರಿ ತೆರೆಯುವ ಮುಂಚೆಯೇ ಬಾಗಿಲಲ್ಲಿ ನಿಂತಿದ್ದೆ. ಆಗಷ್ಟೇ ಒಲೆಯಿಂದ ತೆಗೆದ ಬಗೆಟ್ ಬ್ರೆಡ್ಡನ್ನು ಕಿವಿಯ ಹತ್ತಿರ ಹಿಡಿದರೆ ಸಣ್ಣಗೆ ಚಟಚಟ ಸದ್ದು. ತಣಿಯುವಾಗ ಮೇಲಿನ ಸಿಪ್ಪೆ ಬಿರಿಯುವ ಸದ್ದು ಅದು. ಬಗೆಟ್ ಮಾಡುವ ಕಸುಬನ್ನು 2022ರಲ್ಲಿ ಯುನೆಸ್ಕೋ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಅದರ ಜೊತೆಗೆ ಮಾಕೋನ್ ಸೀಮೆಯ ಮೇಕೆ ಹಾಲಿನ ಚೀಸ್, ಪುಟ್ಟ ಬುಗುರಿಯ ಗಾತ್ರದ್ದು. ಇವೆರಡು ಚೀಲದಲ್ಲಿದ್ದರೆ ಮಧ್ಯಾಹ್ನದ ಚಿಂತೆ ಇಲ್ಲ.

ಕೊರ್ಮಾತ್ಯಾನ್‌ನಲ್ಲಿ ಅರಮನೆ ಇದೆ, ಸುತ್ತ ಕಂದಕ, ಒಳಗೆ ಚಿನ್ನದ ಬಣ್ಣ ಬಳಿದ ಕೋಣೆಗಳು. ಚೆನ್ನಾಗಿದೆ. ಆದರೆ ನನ್ನ ಮನಸ್ಸು ನಿಂತಿದ್ದು ಅಲ್ಲಿಂದ ದಿಣ್ಣೆ ದಾರಿ ಹಿಡಿದು ಹೋದರೆ ಸಿಗುವ ಶಾಪೇಜ್‌ನಲ್ಲಿ. ಕೆಲವೇ ಮನೆಗಳ ಹಳ್ಳಿ. ಮಧ್ಯದಲ್ಲಿ 11ನೇ ಶತಮಾನದ ಚರ್ಚು, ಅದರ ನೆತ್ತಿಯ ಮೇಲೆ ನೆಟ್ಟಗೆ ಎದ್ದು ನಿಂತ ಗಂಟೆ ಗೋಪುರ. ಏರು ಹತ್ತುವಾಗ ಮೊದಲು ಕಂಡಿದ್ದು ಅದೇ. ಹೊಲದ ಮೇಲೆ ಗೋಪುರದ ತುದಿ, ಮತ್ತೆ ತಗ್ಗಿಗಿಳಿದಾಗ ಮಾಯ, ಮತ್ತೆ ಪ್ರತ್ಯಕ್ಷ. ಬಾಗಿಲು ತಳ್ಳಿದೆ, ತೆರೆದಿತ್ತು. ಒಳಗೆ ಯಾರೂ ಇಲ್ಲ. ನಾಲ್ಕು ಜನ ತಬ್ಬಿದರೂ ಸಾಲದಷ್ಟು ದಪ್ಪದ ದುಂಡು ಕಂಬಗಳು, ಸಾವಿರ ವರ್ಷ ಛಾವಣಿ ಹೊತ್ತು ಹೊತ್ತು ಹೊರಗಡೆಗೆ ವಾಲಿವೆ. ಕಣ್ಣಿಗೇ ಕಾಣುವಷ್ಟು ವಾಲಿವೆ. ಬೆವರಿದ ಅಂಗೈಯನ್ನು ಕಲ್ಲಿನ ಮೇಲಿಟ್ಟೆ. ಬಾವಿಯ ಕಟ್ಟೆಯ ತಂಪು. ಎಷ್ಟು ಹೊತ್ತು ಅಲ್ಲಿದ್ದೆ ಅಂತ ಲೆಕ್ಕ ಇಡಲಿಲ್ಲ.

ಮತ್ತೆ ಹಸಿರು ದಾರಿಗಿಳಿದೆ. ತೇಜೆ ಅನ್ನೋ ಹಳ್ಳಿಯ ಗಂಟೆಗಳು ಕೇಳಿಸಿದವು. ರೋಜೆ ಅನ್ನೋ ಯುವಕ 1940ರಲ್ಲಿ ಸ್ವಿಟ್ಜರ್ಲೆಂಡಿನಿಂದ ಒಬ್ಬನೇ ಈ ಹಳ್ಳಿಗೆ ಬಂದು, ಯುದ್ಧದಲ್ಲಿ ದಿಕ್ಕುಗೆಟ್ಟು ಓಡಿಬಂದವರಿಗೆ ಆಸರೆ ಕೊಟ್ಟ. ಅವನು ಅಲ್ಲಿ ಕಟ್ಟಿದ ಕ್ರೈಸ್ತ ಸನ್ಯಾಸಿಗಳ ಸಮುದಾಯಕ್ಕೆ ಈಗ ಲೋಕದ ನಾನಾ ಕಡೆಯ ಹುಡುಗ-ಹುಡುಗಿಯರು ಬಂದು ವಾರಗಟ್ಟಲೆ ಇದ್ದು ಹೋಗುತ್ತಾರೆ.

ಸಂಜೆಗೆ ಕ್ಲೂನಿ.

ಕ್ಲೂನಿಯಲ್ಲಿ ನೋಡಬೇಕಾಗಿರುವುದು ಬಹುಮಟ್ಟಿಗೆ ಇಲ್ಲದ್ದನ್ನು. 910ರಲ್ಲಿ ಅಕ್ವಿಟೇನಿನ ದೊರೆ ವಿಲಿಯಂ ಇಲ್ಲಿ ಒಂದು ಮಠ ಸ್ಥಾಪಿಸಿದ. ಮುಂದೆ ಯೂರೋಪಿನ ತುಂಬಾ ಅದರ ಶಾಖೆಗಳು ಸಾವಿರಕ್ಕೂ ಜಾಸ್ತಿ ಆದವು. 1088ರಲ್ಲಿ ಶುರು ಮಾಡಿದ ಮೂರನೇ ಚರ್ಚಿನ ಉದ್ದ 187 ಮೀಟರ್. ರೋಮಿನ ಸೇಂಟ್ ಪೀಟರ್ಸ್ ಹೊಸದಾಗಿ ಕಟ್ಟುವವರೆಗೆ ಕ್ರೈಸ್ತ ಲೋಕದಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ. ಫ್ರೆಂಚ್ ಕ್ರಾಂತಿಯ ನಂತರ ಸರ್ಕಾರ ಅದನ್ನು ವ್ಯಾಪಾರಿಗಳಿಗೆ ಮಾರಿತು. 1798ರಿಂದ ಶುರುವಾಗಿ, ಇಪ್ಪತ್ತು ವರ್ಷಕ್ಕೂ ಮೇಲೆ, ಸಿಡಿಮದ್ದು ಇಟ್ಟು ಉರುಳಿಸಿ ಕಲ್ಲು ಮಾರಿದರು. ಚರ್ಚಿನ ನಡುಮನೆಯ ಮಧ್ಯದಲ್ಲೇ ರಸ್ತೆ ಹಾಯಿಸಿದರು. ನೆಪೋಲಿಯನ್ ಅಲ್ಲೇ ಪಕ್ಕದಲ್ಲಿ ಕುದುರೆ ಲಾಯ ಮಾಡಿಸಿದ, ಅದಕ್ಕೂ ಇದೇ ಕಲ್ಲು.

ಪ್ರವೇಶದ ಕಡೆ ಮುರಿದ ಕಂಬಗಳ ಬುಡ ಉಳಿದಿವೆ. ಅಲ್ಲಿ ಸೈಕಲ್ ನಿಲ್ಲಿಸಿ ಮುಂದೆ ನೋಡಿದೆ. ಹುಲ್ಲು, ಬೀದಿ, ಮನೆಗಳು. ಬಹಳ ದೂರದಲ್ಲಿ ಒಂದು ಎಂಟುಮೂಲೆಯ ಗೋಪುರ. ಉಳಿದಿರುವುದು ಶಿಲುಬೆಯಾಕಾರದ ಚರ್ಚಿನಲ್ಲಿ ಆ ಗೋಪುರ ಇರುವ ದಕ್ಷಿಣದ ತೋಳು, ಮತ್ತೆ ಒಂದಿಷ್ಟು ತುಂಡುಗಳು. ಕಂಬದ ಬುಡದಿಂದ ಗೋಪುರದ ಕಡೆಗೆ ಹೆಜ್ಜೆ ಎಣಿಸುತ್ತಾ ನಡೆದೆ. ನೂರು ದಾಟಿದರೂ ಮುಗಿಯಲಿಲ್ಲ. ಕಣ್ಣಿಗೆ ಕಾಣದ ಚರ್ಚಿನ ಒಳಗೆ ನಡೆಯುತ್ತಿದ್ದೇನೆ ಅನ್ನೋದು ಕಾಲಿಗೆ ಗೊತ್ತಾಗುತ್ತಿತ್ತು. ನನಗೆ ನಿಜವಾಗಿಯೂ ಸಂಕಟ ಆಯಿತು. ಅಮೆರಿಕದ ಕೆನೆತ್ ಕೊನಂಟ್ ಅನ್ನೋ ವಿದ್ವಾಂಸರು 1928ರಿಂದ ಇಲ್ಲಿ ಅಗೆದು, ಅಳೆದು, ಹೋದದ್ದು ಹೇಗಿತ್ತು ಅಂತ ಚಿತ್ರ ಬರೆದು ಇಟ್ಟಿದ್ದಾರೆ. ಇಂಥ ಕೆಲಸಕ್ಕೆ ಎಷ್ಟು ಪ್ರೀತಿ ಬೇಕು ನೋಡಿ.

ಕ್ಲೂನಿಯಿಂದ ಮುಂದೆ ಮಾಕೋನ್ ಕಡೆಗೆ ಹೋಗುವ ದಾರಿಗೆ ಗುಡ್ಡ ಅಡ್ಡ. ಹಳೇ ರೈಲು ಸುರಂಗದಲ್ಲಿ ಹೋಗುತ್ತಿತ್ತು, ಈಗ ಸೈಕಲ್ಲೂ ಹಾಗೇ. ಬ್ವಾ ಕ್ಲೇರ್ ಸುರಂಗ, ಸುಮಾರು 1,600 ಮೀಟರ್. ಚಳಿಗಾಲದಲ್ಲಿ ಇದನ್ನು ಮುಚ್ಚುತ್ತಾರೆ, ಯಾಕೆಂದರೆ ಆಗ ಒಳಗೆ ಬಾವಲಿಗಳು ನಿದ್ದೆ ಮಾಡುತ್ತವೆ. ಸೆಪ್ಟೆಂಬರ್ ಆದ್ದರಿಂದ ನನಗೆ ದಾರಿ ಸಿಕ್ಕಿತು. ಹೊರಗಿನ ಬಿಸಿಲಿನಿಂದ ಒಳಗೆ ಹೊಕ್ಕ ಕೂಡಲೇ ಮೈ ಜುಂ ಅಂದಿತು. ಮಂದ ದೀಪಗಳು, ಎಲ್ಲೋ ತೊಟ್ಟಿಕ್ಕುವ ನೀರು. ತುಳಿಯುವುದು ನಿಲ್ಲಿಸಿದರೆ ಹಿಂದಿನ ಚಕ್ರದ ಟಿಕ್‌ಟಿಕ್ ಸದ್ದು ಇಡೀ ಸುರಂಗದಲ್ಲಿ.

ಆಚೆ ಬಂದರೆ ಮತ್ತೆ ದ್ರಾಕ್ಷಿ, ಮತ್ತೆ ಬಿಸಿಲು. ಸ್ವಲ್ಪ ಮುಂದೆ ಬೆರ್ಜೆ ಲಾ ವೀಲ್ ಅನ್ನೋ ಹಳ್ಳಿ, ದಿಣ್ಣೆಯ ಮೇಲೆ. ಅಲ್ಲಿ ಕ್ಲೂನಿಯ ಸನ್ಯಾಸಿಗಳದೇ ಒಂದು ಸಣ್ಣ ಪ್ರಾರ್ಥನಾ ಮಂದಿರ ಇದೆ. ಗೋಡೆಯ ಮೇಲೆ 12ನೇ ಶತಮಾನದ ಚಿತ್ರಗಳು. ಯಾವ ಕಾಲದಲ್ಲೋ ಸುಣ್ಣ ಬಳಿದು ಮುಚ್ಚಿಬಿಟ್ಟಿದ್ದರು. 1887ರಲ್ಲಿ ಸುಣ್ಣದ ಕೆಳಗಿನಿಂದ ಹೊರಬಂದವು. ಕಡುನೀಲಿಯ ಹಿನ್ನೆಲೆ, ಮಧ್ಯದಲ್ಲಿ ಕೂತ ದೊಡ್ಡ ಕಣ್ಣಿನ ಕ್ರಿಸ್ತ, ಬಟ್ಟೆಯ ನಿರಿಗೆ ಒಂದೊಂದೂ ಎಣಿಸುವ ಹಾಗೆ. ಆ ಮಹಾ ಚರ್ಚಿನ ಒಳಗೆ ಬಣ್ಣ ಹೇಗಿದ್ದಿರಬಹುದು ಅಂತ ಹಿಂದಿನ ದಿನ ಹುಲ್ಲಿನ ಮೇಲೆ ನಿಂತು ಯೋಚಿಸಿದ್ದೆ. ಅದರ ಒಂದು ತುಣುಕು ಇಲ್ಲಿ, ಒಂದು ಕೋಣೆಯಷ್ಟು ಜಾಗದಲ್ಲಿ, ಉಳಿದುಕೊಂಡಿತ್ತು.

ಹೊರಗೆ ಬಂದೆ. ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಸೀಟು ಬಿಸಿಲಿಗೆ ಕಾದಿತ್ತು. ಮಾಕೋನ್‌ನಲ್ಲಿ ರೈಲಿಗೆ ಇನ್ನೂ ನಾಲ್ಕು ಗಂಟೆ ಇತ್ತು. ಸೈಕಲ್ಲನ್ನು ನೆರಳಿಗೆ ಸರಿಸಿ ನಿಲ್ಲಿಸಿ, ಮತ್ತೆ ಒಳಗೆ ಹೋದೆ.