ನಿಯಮ ಒಂದು ಕಡೆ, ರೂಟರ್ ನೂರು ಕಡೆ

ಕೇಳುಗರೇ, ನಮಸ್ಕಾರ.

ಬ್ಯಾಂಕಿಗೆ ಹೋದಾಗ "ಸರ್ವರ್ ಡೌನ್" ಅನ್ನೋ ಮಾತು ನೀವೂ ಕೇಳಿರುತ್ತೀರಿ. ಎಷ್ಟೋ ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ. ಕೈಕೊಟ್ಟಿರುವುದು ಶಾಖೆಯಿಂದ ಹತ್ತಿರದ ಎಕ್ಸ್‌ಚೇಂಜಿನವರೆಗಿನ ಲೈನು. ಇದನ್ನು ನೆಟ್‌ವರ್ಕ್ ಕೆಲಸದವರಾದ ನಾವು ಆಕ್ಸೆಸ್ ನೆಟ್‌ವರ್ಕ್ ಅಂತೀವಿ.

ಬ್ಯಾಂಕು, ಆಸ್ಪತ್ರೆ, ಮನೆಗಳ ಇಂಟರ್‌ನೆಟ್ಟು, ಎಲ್ಲವೂ ಎಕ್ಸ್‌ಚೇಂಜಿನಲ್ಲಿ ಒಂದೇ ರೂಟರಿಗೆ, ಅಂದರೆ ಡೇಟಾಕ್ಕೆ ದಾರಿ ತೋರಿಸುವ ಪೆಟ್ಟಿಗೆಗೆ, ಬಂದು ಸೇರಬಹುದು. ಒಬ್ಬರದು ಇನ್ನೊಬ್ಬರಿಗೆ ಕಾಣದ ಹಾಗೆ ಬೇರೆ ಇಡುವುದು ವಿಪಿಎನ್ ಕೆಲಸ. 10.1.1.1 ಅನ್ನೋ ಖಾಸಗಿ ನೆಟ್‌ವರ್ಕ್ ವಿಳಾಸವನ್ನು ಬ್ಯಾಂಕೂ ಬಳಸಬಹುದು, ಆಸ್ಪತ್ರೆಯೂ ಬಳಸಬಹುದು. ಎರಡೂ ಬೆರೆಯಬಾರದು, ಅಷ್ಟೇ.

ಮೊದಲು ಇದನ್ನೆಲ್ಲ ಕೈಯಿಂದಲೇ ಮಾಡುತ್ತಿದ್ದೆವು. ಒಂದೊಂದು ರೂಟರಿಗೂ ಲಾಗಿನ್ ಆಗಿ ಕಮಾಂಡ್ ಹೊಡೆಯಬೇಕು. ಒಂದು ಮಳೆಗಾಲದ ರಾತ್ರಿ, ಒಂದೂವರೆ ಗಂಟೆಗೆ, ಕಮಾಂಡಿನಲ್ಲಿ 120 ಅಂತ ಹೊಡೆಯೋ ಕಡೆ 210 ಹೊಡೆದೆ. ಎಂಟರ್ ಒತ್ತಿದ ಕೂಡಲೇ ಪರದೆ ನಿಂತುಹೋಯಿತು. ನಾನು ಒಳಗೆ ಹೋಗಿದ್ದ ದಾರಿಯನ್ನೇ ಕಡಿದುಬಿಟ್ಟಿದ್ದೆ. ಜೀಪಿನಲ್ಲಿ ಘಾಟಿ ಹತ್ತಿ ಆ ರೂಟರ್ ಇದ್ದಲ್ಲಿಗೆ ಮುಟ್ಟುವಾಗ ಬೆಳಗ್ಗೆ ಹನ್ನೊಂದು. ಶಾಖೆಯ ಜಗಲಿಯಲ್ಲಿ ಪಿಂಚಣಿಗೆ ಬಂದ ಅಜ್ಜಿಯೊಬ್ಬರು ಕೂತಿದ್ದರು. ಪಕ್ಕದಲ್ಲಿ ಒದ್ದೆ ಕೊಡೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಸುತ್ತಿದ ಪಾಸ್‌ಬುಕ್ಕು. "ಲೈನ್ ಬಂತಾ ಮಗಾ?" ಅಂದರು. ನನಗೆ ಮಾತು ಹೊರಡಲಿಲ್ಲ.

ಇಂಟರ್‌ನೆಟ್ಟಿನ ಮಾನದಂಡಗಳನ್ನು ರೂಪಿಸುವ ಐಇಟಿಎಫ್ 2000ದ ಜನವರಿಯಲ್ಲೇ ಒಂದು ದಾರಿ ಬರೆದಿಟ್ಟಿತ್ತು. ತೀರ್ಮಾನ ಮಾಡುವ ಜಾಗ ಒಂದು, ಜಾರಿ ಮಾಡುವ ಜಾಗ ಇನ್ನೊಂದು. "ಈ ಬ್ಯಾಂಕಿನ ಶಾಖೆಗಳಿಗೆ ಇಷ್ಟು ವೇಗ, ಹಣದ ವಹಿವಾಟು ಮೊದಲು, ಮಿಕ್ಕಿದ್ದು ಆಮೇಲೆ" ಅಂತ ಪಾಲಿಸಿ ಸರ್ವರಿನಲ್ಲಿ, ಅಂದರೆ ನಿಯಮಗಳನ್ನು ಇಡುವ ಕಂಪ್ಯೂಟರಿನಲ್ಲಿ, ಒಂದೇ ಸಲ ಬರೆದರೆ ಸಾಕು. ನೂರು ರೂಟರಿಗೂ ತಕ್ಕ ಸೆಟ್ಟಿಂಗ್ ಅಲ್ಲಿಂದಲೇ ಹೋಗುತ್ತದೆ. ಆಗ ಇದಕ್ಕೆಂದೇ ಬಂದ ಕಾಪ್ಸ್ ಅನ್ನೋ ಪ್ರೋಟೊಕಾಲ್, ಅಂದರೆ ಯಂತ್ರಗಳು ಪರಸ್ಪರ ಮಾತಾಡುವ ರೀತಿ, ಹೆಚ್ಚು ಬಳಕೆಗೆ ಬರಲಿಲ್ಲ. ವಿಚಾರ ಮಾತ್ರ ಉಳಿಯಿತು.

ಆದರೆ ನಿಯಮವನ್ನೇ ತಪ್ಪು ಬರೆದರೆ ಅದೂ ನೂರು ಕಡೆ ಹೋಗುತ್ತದೆ, ಅಲ್ವಾ? ಅದಕ್ಕೇ ಮೊದಲು ಒಂದು ಶಾಖೆಯಲ್ಲಿ ಹಾಕಿ ನೋಡಬೇಕು. ಇನ್ನೊಂದು ಕಾವಲೂ ಇದೆ. ನನಗೆ ತುಂಬ ಹಿಡಿಸಿದ್ದು ಅದೇ. ರೂಟರಿನ ಸೆಟ್ಟಿಂಗ್ ಬದಲಿಸಲು 2006ರಲ್ಲಿ ಬಂದ ನೆಟ್‌ಕಾನ್ಫ್ ಅನ್ನೋ ಪ್ರೋಟೊಕಾಲಿನಲ್ಲಿ, ಹೊಸ ಸೆಟ್ಟಿಂಗ್ ಹಾಕಿದ ಮೇಲೆ "ಸರಿ ಇದೆ" ಅಂತ ಮತ್ತೊಮ್ಮೆ ಹೇಳುವ ಹಾಗೆ ಮಾಡಬಹುದು. ನಾವು ಬೇರೆ ಗಡುವು ಕೊಡದೇ ಇದ್ದಾಗ, 600 ಸೆಕೆಂಡಿನೊಳಗೆ ಆ ಮಾತು ಮುಟ್ಟದಿದ್ದರೆ ರೂಟರು ತಾನಾಗಿಯೇ ಹಳೇ ಸೆಟ್ಟಿಂಗಿಗೆ ವಾಪಸ್ ಹೋಗುತ್ತದೆ. ಹತ್ತೇ ನಿಮಿಷ.

ಆ ರಾತ್ರಿ ನಮ್ಮ ರೂಟರಿನಲ್ಲಿ ಇದು ಇದ್ದಿದ್ದರೆ, ಗಂಟೆ ಎರಡು ಹೊಡೆಯುವ ಮೊದಲೇ ಲೈನು ಬಂದಿರುತ್ತಿತ್ತು. ಅಜ್ಜಿ ದುಡ್ಡು ತಗೊಂಡು ಹತ್ತೂವರೆ ಬಸ್ಸಿಗೆ ಮನೆಗೆ ಹೋಗಿರುತ್ತಿದ್ದರು.

ನಮಸ್ಕಾರ.