ಡಿಪಿ ನೋಡಿ ಬರುವ ಉತ್ತರ

ಕೇಳುಗರಿಗೆ ನಮಸ್ಕಾರ.

ಬಾಡಿಗೆ ಮನೆ ಕೇಳಬೇಕು, ಮಗಳ ಕ್ಲಾಸ್ ಟೀಚರಿಗೆ ವಿಷಯ ತಿಳಿಸಬೇಕು, ಕೆಲಸ ಖಾಲಿ ಇದೆಯಾ ಅಂತ ವಿಚಾರಿಸಬೇಕು. ಈಗ ಇಂಥ ಎಷ್ಟೋ ಕೆಲಸಗಳಿಗೆ ನಮಗಿಂತ ಮೊದಲು ಹೋಗಿ ನಿಲ್ಲುವುದು ನಮ್ಮ ವಾಟ್ಸ್ಆ್ಯಪ್ ಮೆಸೇಜು. ಅದರ ಬೆನ್ನಿಗೇ ಒಂದು ಹೆಸರು, ‘ಡಿಪಿ’ ಎಂದು ಕರೆಯುವ ಗುಂಡಗಿನ ಪುಟ್ಟ ಫೋಟೊ, ‘ಅಬೌಟ್’ ಎನ್ನುವ ಒಂದು ಸಾಲು ಕೂಡ ಹೋಗುತ್ತವೆ. ಆ ಕಡೆಯವರು ಇವನ್ನೆಲ್ಲ ನೋಡಿಕೊಂಡೇ ಉತ್ತರ ಬರೆಯುತ್ತಾರೆ. ಅವರ ಉತ್ತರದ ಧಾಟಿಗೆ ತಕ್ಕಂತೆ ನಮ್ಮ ಧಾಟಿಯೂ ಬದಲಾಗುತ್ತದೆ. ಈ ಎರಡನೆಯ ಭಾಗವನ್ನು ನಾವು ಗಮನಿಸುವುದು ಕಡಿಮೆ.

1977ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಮಾರ್ಕ್ ಸ್ನೈಡರ್ ಮತ್ತು ಜೊತೆಗಾರರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಬ್ಬರಿಗೊಬ್ಬರು ಗುರುತಿಲ್ಲದ 51 ಹುಡುಗರು, 51 ಹುಡುಗಿಯರು. ಜೋಡಿ ಜೋಡಿಯಾಗಿ ಫೋನಿನಲ್ಲಿ ಹತ್ತು ನಿಮಿಷ ಮಾತಾಡಬೇಕು. ಮಾತಿಗೆ ಮುಂಚೆ ಹುಡುಗನ ಕೈಗೆ ಒಂದು ಫೋಟೊ ಕೊಟ್ಟರು. ಅದು ಆ ಹುಡುಗಿಯ ಫೋಟೊ ಅಲ್ಲ, ಬೇರೆ ಯಾರದೋ. ಕೆಲವರಿಗೆ ಚೆಲುವೆಯ ಚಿತ್ರ, ಉಳಿದವರಿಗೆ ಅಷ್ಟೇನೂ ಚೆಲುವಿಲ್ಲದವಳ ಚಿತ್ರ. ಹುಡುಗಿಗೆ ಈ ಫೋಟೊ ವಿಷಯವೇ ಗೊತ್ತಿಲ್ಲ. ಇಬ್ಬರ ದನಿಯನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡು, ಹುಡುಗಿಯ ಮಾತನ್ನಷ್ಟೇ ಮೂರನೆಯವರಿಗೆ ಕೇಳಿಸಿದರು. ಯಾರನ್ನು ಚೆಲುವೆ ಎಂದು ಹುಡುಗ ನಂಬಿದ್ದನೋ, ಆ ಹುಡುಗಿಯೇ ಹೆಚ್ಚು ಸ್ನೇಹಪರಳು, ಹೆಚ್ಚು ಮಾತುಗಾತಿ ಎಂದು ಕೇಳಿದವರು ಅಂದಾಜು ಮಾಡಿದರು. ಅವರ ಎದುರಿಗೆ ಫೋಟೊ ಇರಲಿಲ್ಲ, ಹುಡುಗನ ಮಾತೂ ಇರಲಿಲ್ಲ. ಆಗಿದ್ದಿಷ್ಟು: ಹುಡುಗ ಫೋಟೊ ನೋಡಿ ಆದರದಿಂದ ಮಾತಾಡಿದ, ಆದರ ಸಿಕ್ಕ ಹುಡುಗಿ ಅರಳಿಕೊಂಡು ಉತ್ತರ ಕೊಟ್ಟಳು. ಬಿಗುವಾಗಿ ಮಾತಾಡಿಸಿಕೊಂಡವಳು ಬಿಗಿದುಕೊಂಡಳು. ಇವತ್ತು ಆ ಫೋಟೊದ ಜಾಗದಲ್ಲಿ ಡಿಪಿ ಕೂತಿದೆ, ಮತ್ತು ಅದನ್ನು ಇಟ್ಟವರು ನಾವೇ.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ, ಅಪರಿಚಿತರಿಗೆ ನಾವು ಹೇಗೆ ಕಾಣುತ್ತೇವೆ ಎಂದು ನೋಡಿಕೊಳ್ಳುವುದು. ನಮ್ಮ ಫೋನಿನಲ್ಲಿ ಇದು ತಿಳಿಯುವುದಿಲ್ಲ. ನಿಮ್ಮ ನಂಬರ್ ಸೇವ್ ಆಗಿರದ ಇನ್ನೊಂದು ಫೋನ್ ತೆಗೆದುಕೊಳ್ಳಿ, ನಿಮ್ಮ ಫೋನಿನಿಂದ ಅದಕ್ಕೊಂದು ಮೆಸೇಜ್ ಕಳಿಸಿ. ಹೆಸರಿಗೆ ಮುಂಚೆ ಅಲೆಯಂಥ ಒಂದು ಗೆರೆ ಕಂಡರೆ, ಅದು ನೀವೇ ಬರೆದುಕೊಂಡ ಹೆಸರು. ಗ್ರೂಪುಗಳಲ್ಲಿ ನಿಮ್ಮ ಗುರುತಿಲ್ಲದವರಿಗೆ ಕಾಣುವುದೂ ಅದೇ. ಕಾಲೇಜು ದಿನಗಳಲ್ಲಿ ಹಾಕಿದ ಅಡ್ಡಹೆಸರು, ಮೂರು ಕಿರೀಟದ ಚಿಹ್ನೆ, ಒಂಟಿ ಚುಕ್ಕಿ ಇವೆಲ್ಲ ಹಾಗೇ ಉಳಿದಿರುತ್ತವೆ. ಹೆಸರಿಗೆ 25 ಅಕ್ಷರಗಳ ಮಿತಿ ಇದೆ. ಕನ್ನಡದಲ್ಲಿ ಒತ್ತು, ಗುಣಿತದ ಚಿಹ್ನೆಗಳೂ ಲೆಕ್ಕಕ್ಕೆ ಬರುವುದರಿಂದ ಉದ್ದದ ಹೆಸರು ಹಿಡಿಸದೇ ಹೋಗಬಹುದು, ಬರೆದ ಮೇಲೆ ಪೂರ್ತಿ ಬಂದಿದೆಯೇ ನೋಡಿಕೊಳ್ಳಿ. ಆಮೇಲೆ ಫೋಟೊ ಒತ್ತಿ ‘ಅಬೌಟ್’ ಓದಿ. ಜಗಳವಾದ ದಿನ ಬರೆದ ಚುಚ್ಚುಮಾತೊಂದು ಅಲ್ಲೇ ಕೂತಿದ್ದರೆ, ಮನೆ ಮಾಲೀಕರು ಓದುವುದು ಅದನ್ನೇ.

ಇನ್ನು ಫೋಟೊ. ಅಮೆರಿಕದ ಪ್ರಿನ್ಸ್ಟನ್ ವಿಶ್ವವಿದ್ಯಾಲಯದ ಜನೈನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ತೋರಿಸಿದ ಹಾಗೆ, ಮುಖವೊಂದು ಸೆಕೆಂಡಿನ ಹತ್ತನೇ ಒಂದು ಭಾಗ ಕಂಡರೂ ಸಾಕು, ಈ ಮನುಷ್ಯ ನಂಬಿಕಸ್ಥ ಹೌದೋ ಅಲ್ಲವೋ ಎಂದು ನೋಡಿದವರು ತೀರ್ಮಾನಿಸಿಬಿಡುತ್ತಾರೆ. ಹೆಚ್ಚು ಹೊತ್ತು ತೋರಿಸಿದಾಗ ತೀರ್ಮಾನ ಅಷ್ಟಾಗಿ ಬದಲಾಗಲಿಲ್ಲ, ಅದರ ಮೇಲಿನ ಭರವಸೆ ಮಾತ್ರ ಬಲವಾಯಿತು. ಆ ತೀರ್ಮಾನ ನಿಜವಿರಬೇಕೆಂದೇನೂ ಇಲ್ಲ, ಆದರೆ ನಡವಳಿಕೆ ಅದರ ಹಿಂದೆಯೇ ಹೋಗುತ್ತದೆ. ಚಾಟ್ ಪಟ್ಟಿಯಲ್ಲಿ ಡಿಪಿ ಕಾಣುವುದು ಬೆರಳತುದಿಯಷ್ಟು. ಮದುವೆ ಮಂಟಪದ ಗುಂಪು ಫೋಟೊ ಅಲ್ಲಿ ಬಣ್ಣದ ಕಲೆಯಾಗುತ್ತದೆ. ಮುಖ ಆ ವೃತ್ತದ ಅರ್ಧಕ್ಕಿಂತ ಹೆಚ್ಚು ತುಂಬಬೇಕು. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ, ಬೆಳಕು ಎದುರಿನ ಕಿಟಕಿಯಿಂದ ಬರಲಿ, ಬೆನ್ನ ಹಿಂದಿನಿಂದ ಬೇಡ. ನಾಲ್ಕು ಮೂಲೆ ಕತ್ತರಿಸಿ ಹೋಗುತ್ತವೆ ಎಂಬುದನ್ನು ಕ್ರಾಪ್ ಮಾಡುವಾಗಲೇ ನೆನಪಿಡಿ. ಮಕ್ಕಳ ಚಿತ್ರ ಹಾಕಿದರೆ ಅಪರಿಚಿತರಿಗೆ ಮಗುವಿನ ಮುಖ ಕೊಟ್ಟ ಹಾಗಾಗುತ್ತದೆ, ನೀವು ಯಾರೆಂಬುದು ಮಾತ್ರ ತಿಳಿಯುವುದಿಲ್ಲ. ಏನೂ ಬೇಡ ಎಂದು ಬೂದು ಬಣ್ಣದ ಖಾಲಿ ಗೊಂಬೆಯನ್ನೇ ಬಿಟ್ಟರೆ, ಮೋಸದ ಕರೆಗಳಿಂದ ಬೇಸತ್ತ ಜನ ತೆರೆಯದೆಯೇ ಬ್ಲಾಕ್ ಮಾಡಬಹುದು. ಮುಖ ಹಾಕಲು ಮನಸ್ಸಿಲ್ಲದವರು ಅಂಗಡಿಯ ಬೋರ್ಡು, ಹೊಲದಲ್ಲಿ ತೆಗೆದ ಬೆಳೆ, ಹೊಲಿದ ಬಟ್ಟೆ ಹೀಗೆ ತಮ್ಮ ಕೆಲಸವನ್ನು ತೋರಿಸುವ ಚಿತ್ರ ಇಡಬಹುದು.

ಹೆಸರಿನ ವಿಷಯ ಇಷ್ಟು ಸರಳವಲ್ಲ. ನಮ್ಮಲ್ಲಿ ಹೆಸರಿನ ಕೊನೆಯ ಪದವೇ ಜಾತಿ, ಧರ್ಮ ಹೇಳಿಬಿಡುತ್ತದೆ. ಸಂಶೋಧಕರಾದ ಸುಖದೇವ ಥೋರಟ್ ಮತ್ತು ಪಾಲ್ ಅಟ್ಟವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ವಿದ್ಯಾರ್ಹತೆಯ ಅರ್ಜಿಗಳು ಬೇರೆ ಬೇರೆ ಹೆಸರು ಹೊತ್ತು ಖಾಸಗಿ ಕಂಪನಿಗಳಿಗೆ ಹೋದವು. ಮೇಲ್ಜಾತಿಯ ಹೆಸರಿನ ಜೊತೆ ಹೋಲಿಸಿದರೆ, ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದರಷ್ಟು ಇತ್ತು. ಅಂಚೆಯಲ್ಲಿ ಹೋದ ಹೆಸರೇ ಈಗ ಮೆಸೇಜಿನ ತಲೆಯ ಮೇಲಿರುತ್ತದೆ. ಹೆಣ್ಣುಮಕ್ಕಳ ಅನುಭವವೂ ಹೀಗೇ ಇದೆ. 2006ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಚಾಟ್ ರೂಮುಗಳಲ್ಲಿ ಪರೀಕ್ಷಿಸಿದಾಗ, ಹೆಣ್ಣು ಹೆಸರಿನ ಖಾತೆಗಳಿಗೆ ದಿನಕ್ಕೆ ಸರಾಸರಿ 100 ಕೆಟ್ಟ ಸಂದೇಶ ಬಂದವು, ಗಂಡು ಹೆಸರಿನವಕ್ಕೆ 3.7. ಇನಿಷಿಯಲ್ ಜೊತೆ ಚಿಕ್ಕ ಹೆಸರು ಬರೆಯುವ ನಮ್ಮ ಪದ್ಧತಿ ಇಲ್ಲಿ ಸ್ವಲ್ಪ ಆಸರೆ ಕೊಡುತ್ತದೆ. ಆದರೆ ಹೆಸರು ಮುಚ್ಚಿಕೊಳ್ಳುವ ಹೊರೆಯನ್ನು ತೊಂದರೆಗೆ ಸಿಕ್ಕವರ ಮೇಲೆಯೇ ಹೊರಿಸುವುದು ಅನ್ಯಾಯ. ತಪ್ಪು ಇರುವುದು ಉತ್ತರ ಬರೆಯುವ ಕೈಯಲ್ಲಿ.

ಆ ಕೈ ನಮ್ಮದೂ ಆಗಿರುತ್ತದೆ. ಅಮೆರಿಕದ ಐದು ನಗರಗಳಲ್ಲಿ, ಮನೆಗಳನ್ನು ಕೆಲವು ದಿನಕ್ಕೆ ಬಾಡಿಗೆಗೆ ಕೊಡಿಸುವ ಕಂಪನಿಯಾದ ಏರ್‌ಬಿಎನ್‌ಬಿ ಮನೆಗಳಿಗೆ ಕಳಿಸಿದ ಕೋರಿಕೆಗಳ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಕಪ್ಪು ಜನಾಂಗದವರದ್ದು ಎನ್ನಿಸುವ ಹೆಸರಿದ್ದರೆ ಒಪ್ಪಿಗೆ ಸಿಗುವ ಸಾಧ್ಯತೆ 16 ಶೇಕಡಾ ಕಡಿಮೆ ಎಂದು ಅದು ತೋರಿಸಿತು. 2018ರಲ್ಲಿ ಕಂಪನಿ ನಿಯಮ ಬದಲಿಸಿ, ಬುಕಿಂಗ್ ಒಪ್ಪಿದ ಮೇಲೆ ಮಾತ್ರ ಅತಿಥಿಯ ಫೋಟೊ ಕಾಣುವಂತೆ ಮಾಡಿತು. ಮನೆ ಬಾಡಿಗೆಗೆ ಕೊಡುವವರು, ಕೆಲಸಕ್ಕೆ ತೆಗೆದುಕೊಳ್ಳುವವರು ಇದನ್ನು ತಾವೇ ಮಾಡಬಹುದು. ಕೇಳಬೇಕಾದ ಮೂರು ನಾಲ್ಕು ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ, ಬಂದವರಿಗೆಲ್ಲ ಅವನ್ನೇ ಕಳಿಸಿ, ಉತ್ತರ ಓದಿ ಮುಗಿಸುವ ತನಕ ಪ್ರೊಫೈಲ್ ತೆರೆಯಬೇಡಿ.

ಈಗ ಮೊದಲ ಮೆಸೇಜಿನ ಒಳಗಿನ ಮಾತು. ಬರೀ ‘ಹಾಯ್’ ಕಳಿಸಿ ಕಾಯುವುದು ತೀರ ಸಾಮಾನ್ಯವಾದ ತಪ್ಪು. ನೀವು ಯಾರು, ನಂಬರ್ ಕೊಟ್ಟವರು ಯಾರು, ಏನು ಬೇಕು, ಯಾವಾಗ ಮಾತಾಡಬಹುದು, ಈ ನಾಲ್ಕೂ ಒಂದೇ ಮೆಸೇಜಿನಲ್ಲಿರಲಿ. ನಗುಮುಖದ ಚಿಹ್ನೆ ಅಲ್ಲಿ ಬೇಡ. ಸಂಶೋಧಕಿ ಎಲಾ ಗ್ಲಿಕ್ಸನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗುರುತಿಲ್ಲದವರ ಮೊದಲ ಕಚೇರಿ ಪತ್ರದಲ್ಲಿ ಸ್ಮೈಲಿ ಇದ್ದರೆ ಅವರು ಹೆಚ್ಚು ಆತ್ಮೀಯರೆನಿಸಲಿಲ್ಲ, ಕೆಲಸಕ್ಕೆ ಅಷ್ಟೇನೂ ಸಮರ್ಥರಲ್ಲ ಎನಿಸಿದರು. ಅವರಿಗೆ ಬಂದ ಉತ್ತರದಲ್ಲಿ ಮಾಹಿತಿಯೂ ಕಡಿಮೆ ಇತ್ತು. ಆದರೆ ಫೋಟೊದಲ್ಲಿನ ನಿಜವಾದ ನಗು ಒಳ್ಳೆಯದನ್ನೇ ಮಾಡಿತು.

ಕನ್ನಡದಲ್ಲಿ ಬರೆಯುವಾಗ ಇನ್ನೂ ಒಂದು ಎಚ್ಚರ. ಬಾಯಲ್ಲಿ ‘ಹೇಳು’ ಎಂದರೂ ದನಿಯಲ್ಲಿ ಅಕ್ಕರೆ ತುಂಬಬಹುದು, ಅಕ್ಷರದಲ್ಲಿ ಅದು ಉಳಿಯುವುದಿಲ್ಲ. ಗುರುತಿಲ್ಲದವರು ಚಿಕ್ಕವರೇ ಇರಲಿ, ‘ಹೇಳಿ’, ‘ತಿಳಿಸಿ’ ಎಂದೇ ಬರೆಯಿರಿ. ‘ಸರಿ’ ಎಂಬ ಒಂಟಿ ಪದ ಎದುರಿನವರಿಗೆ ಮುನಿಸಿನಂತೆ ಕಾಣಬಹುದು, ‘ಸರಿ, ನಾಳೆ ಹತ್ತಕ್ಕೆ ಬರ್ತೀನಿ’ ಎಂದರೆ ಆ ಅನುಮಾನಕ್ಕೆ ಎಡೆಯಿಲ್ಲ. ತಮ್ಮ ಮಾತಿನ ವ್ಯಂಗ್ಯ ಓದುವವರಿಗೆ ತಿಳಿಯುತ್ತದೆ ಎಂದು ಬರೆಯುವವರು ನಂಬುವುದೇ ಹೆಚ್ಚು. 2005ರಲ್ಲಿ ಮನೋವಿಜ್ಞಾನಿ ಜಸ್ಟಿನ್ ಕ್ರೂಗರ್ ತಂಡ ಇದನ್ನು ಅಳೆದಾಗ, ಇಮೇಲ್ ಬರೆದವರು ನೂರಕ್ಕೆ 78 ಸಲ ಅರ್ಥವಾಗುತ್ತದೆ ಎಂದುಕೊಂಡಿದ್ದರು. ಅರ್ಥವಾದದ್ದು 56 ಸಲ. ನಾಣ್ಯ ಚಿಮ್ಮಿದ್ದರೂ 50 ಸಿಗುತ್ತಿತ್ತು.

ಸ್ಟೇಟಸ್ 24 ಗಂಟೆ ಇರುತ್ತದೆ. ನೀವಿಬ್ಬರೂ ಒಬ್ಬರ ನಂಬರ್ ಒಬ್ಬರು ಸೇವ್ ಮಾಡಿಕೊಂಡಿದ್ದರೆ ಅವರಿಗೆ ಕಾಣುತ್ತದೆ. ಅಂದರೆ ಮನೆಯವರ ಜೊತೆಗೆ ಮೇಷ್ಟ್ರು, ಮೇಲಧಿಕಾರಿ, ಗಿರಾಕಿಗಳೂ ನೋಡುತ್ತಾರೆ. ರಜೆ ಹಾಕಿದ ದಿನದ ಪ್ರವಾಸದ ಚಿತ್ರಕ್ಕೆ ಸೋಮವಾರ ಕಚೇರಿಯಲ್ಲಿ ಉತ್ತರ ಸಿಗುವುದು ಹೀಗೆ. ಸೆಟ್ಟಿಂಗ್ಸ್‌ನ ಪ್ರೈವಸಿಗೆ ಹೋದರೆ ಫೋಟೊ, ಅಬೌಟ್, ಲಾಸ್ಟ್ ಸೀನ್, ಸ್ಟೇಟಸ್ ಒಂದೊಂದಕ್ಕೂ ಯಾರಿಗೆ ಕಾಣಬೇಕೆಂದು ಬೇರೆ ಬೇರೆಯಾಗಿ ಆರಿಸಬಹುದು. ನೀಲಿ ಟಿಕ್ ಆಫ್ ಮಾಡಿದರೆ ಬೇರೆಯವರು ಓದಿದ್ದೂ ನಿಮಗೆ ತಿಳಿಯುವುದಿಲ್ಲ.

ಜನ ಡಿಪಿಗೆ ಉತ್ತರ ಕೊಡುತ್ತಾರೆ ಎಂಬುದು ಕಳ್ಳರಿಗೂ ಗೊತ್ತು. ನಿಮ್ಮ ಫೋಟೊ, ಹೆಸರು ಎತ್ತಿಕೊಂಡು ಹೊಸ ನಂಬರಿನಿಂದ ‘ನಂಬರ್ ಬದಲಾಗಿದೆ, ಅರ್ಜೆಂಟ್ ದುಡ್ಡು ಬೇಕು’ ಎಂದು ನಿಮ್ಮ ಚಿಕ್ಕಪ್ಪನಿಗೆ ಬರೆಯುತ್ತಾರೆ. ಫೋಟೊವನ್ನು ‘ಮೈ ಕಾಂಟ್ಯಾಕ್ಟ್ಸ್’ಗೆ ಸೀಮಿತಗೊಳಿಸಿದರೆ ಎತ್ತುವುದು ಕಷ್ಟವಾಗುತ್ತದೆ, ಆದರೆ ನಂಬರ್ ಸೇವ್ ಮಾಡಿಕೊಳ್ಳದೆ ನೀವು ಹೊಸದಾಗಿ ಮೆಸೇಜ್ ಮಾಡಿದವರಿಗೂ ಅದು ಕಾಣುವುದಿಲ್ಲ. ಕೆಲಸ ಹುಡುಕುವ, ಮನೆ ಹುಡುಕುವ ದಿನಗಳಲ್ಲಿ ತೆರೆದಿಡಿ, ಮುಗಿದ ಮೇಲೆ ಮುಚ್ಚಿ. ಇಂಥ ಮೆಸೇಜ್ ಬಂದರೆ ಹಳೆಯ ನಂಬರಿಗೆ ಕರೆ ಮಾಡಿ ದನಿ ಕೇಳಿದ ಮೇಲಷ್ಟೇ ಮುಂದಿನ ಮಾತು. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇರೊಬ್ಬರ ಸೋಗಿನಲ್ಲಿ ಕಂಪ್ಯೂಟರ್, ಫೋನ್ ಬಳಸಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ದೂರು ಕೊಡುವಾಗ ಆ ಚಾಟ್‌ನ ಸ್ಕ್ರೀನ್‌ಶಾಟ್, ನಂಬರ್, ಹಣ ಕಳಿಸಿದ ವ್ಯವಹಾರ ಸಂಖ್ಯೆ ಮೂರೂ ಕೈಯಲ್ಲಿರಲಿ. ಚಾಟ್ ಅಳಿಸಬೇಡಿ.

ನಮಸ್ಕಾರ.